ಮಕ್ಕಳ ಉಡುಪಿಗೆ ಲಾಡಿಯೋ, ಎಲಾಸ್ಟಿಕ್ಕೋ, ಟಿಚ್ ಬಟನ್ನೋ: ಎಲ್ಲಿಗೆ ಯಾವುದು ಸುರಕ್ಷಿತ?

ಮಗುವಿಗೆ ಬಟ್ಟೆ ಕೊಳ್ಳುವಾಗ ಬಣ್ಣ, ಬೆಲೆ, ಬಟ್ಟೆಯ ಗುಣ, ಮುಂದಿನ ವರ್ಷಕ್ಕೂ ಆದೀತೇ ಎಂಬ ಲೆಕ್ಕಾಚಾರ ಎಲ್ಲವನ್ನೂ ನೋಡುವ ನಾವು, ಆ ಬಟ್ಟೆಯನ್ನು ಮೈಗೆ ಬಿಗಿಯುವುದು ಯಾವುದು ಎಂಬುದನ್ನು ಮಾತ್ರ ಸಾಮಾನ್ಯವಾಗಿ ಗಮನಿಸುವುದಿಲ್ಲ. ಟೋಪಿಯಿರುವ ಸ್ವೆಟರಿನ ಕತ್ತಿನಿಂದ ಇಳಿಬಿದ್ದ ಎರಡು ಲಾಡಿಗಳು, ಫ್ರಾಕಿನ ಬೆನ್ನಿಗೆ ಕಟ್ಟುವ ಉದ್ದನೆಯ ಪಟ್ಟಿ, ಪ್ಯಾಂಟಿನ ಸೊಂಟದಿಂದ ಹೊರಗೆ ನೇತಾಡುವ ಗೊಂಡೆಯ ದಾರ, ಇವೆಲ್ಲ ಅಲಂಕಾರವೆಂದೋ ಅನುಕೂಲವೆಂದೋ ಕಾಣುತ್ತವೆಯೇ ಹೊರತು ಅಪಾಯವೆಂದು ಯಾರಿಗೂ ತೋರುವುದಿಲ್ಲ. ಆದರೆ ಉಡುಪಿನ ಲಾಡಿ ಜಾರುಬಂಡೆಗೋ ಶಾಲಾ ಬಸ್ಸಿನ ಬಾಗಿಲಿಗೋ ಮತ್ತಾವುದಕ್ಕೋ ಸಿಕ್ಕಿಕೊಂಡು 26 ಮಕ್ಕಳು ಸತ್ತ ವರದಿಗಳು ತನಗೆ ಬಂದಿವೆಯೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2011ರಲ್ಲಿ ಹೇಳಿತು. ಆ ಮಕ್ಕಳು ಧರಿಸಿದ್ದು ಎಲ್ಲರ ಮನೆಯಲ್ಲೂ ಇರುವಂಥ ಸಾಧಾರಣ ಜಾಕೆಟ್ಟು, ಸ್ವೆಟರುಗಳನ್ನೇ.

ಲಾಡಿ ಒಳ್ಳೆಯದೋ ಕೆಟ್ಟದ್ದೋ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಅದು ಮೈಯ ಯಾವ ಭಾಗದಲ್ಲಿದೆ, ಅದರ ತುದಿ ಹೇಗಿದೆ, ಮಗು ಅದನ್ನು ಹಾಕಿಕೊಂಡು ಏನು ಮಾಡುತ್ತದೆ ಎಂಬ ಮೂರನ್ನು ಸೇರಿಸಿ ಕೇಳಬೇಕು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕತ್ತು ಮತ್ತು ಟೋಪಿಯ ಸುತ್ತ ಚಿಕ್ಕ ಮಕ್ಕಳಿಗೆ ಯಾವ ಉದ್ದದ ಲಾಡಿಯೂ ಬೇಡ. ಸೊಂಟದಲ್ಲಿ ಲಾಡಿ ಇರಬಹುದು, ಆದರೆ ಅದು ಗಿಡ್ಡವಾಗಿರಬೇಕು, ತುದಿಯಲ್ಲಿ ಗಂಟಾಗಲಿ ಗೊಂಡೆಯಾಗಲಿ ಇರಬಾರದು, ನಡುವೆ ಹೊಲಿಗೆ ಬಿದ್ದಿರಬೇಕು. ಉಳಿದ ಕಡೆಗಳಲ್ಲಿ ಎಲಾಸ್ಟಿಕ್ಕು, ಟಿಚ್ ಬಟನ್ನು, ವೆಲ್ಕ್ರೋ, ಗುಂಡಿ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಮಗುವಿನ ವಯಸ್ಸನ್ನು ನೋಡಿ ನಿರ್ಧರಿಸಬೇಕಾದ ಮಾತು.

ದಾರ ಸಿಕ್ಕಿಕೊಳ್ಳುವ ಬಗೆ

ಉದ್ಯಾನದ ಜಾರುಬಂಡೆಯ ಮೇಲ್ತುದಿಯನ್ನು ಹತ್ತಿರದಿಂದ ನೋಡಿ. ಹತ್ತುವ ಕಡೆಯ ಹಿಡಿಕಂಬಿಯು ಜಾರುವ ಹಲಗೆಗೆ ಬಂದು ಸೇರುವಲ್ಲಿ, ಬೋಲ್ಟು ಬಿಗಿದ ಎರಡು ಭಾಗಗಳ ನಡುವೆ, ಹಲವು ಕಡೆ ಒಂದು ಸಣ್ಣ ಸಂದು ಉಳಿದಿರುತ್ತದೆ. ಅದು ಮೇಲೆ ಸ್ವಲ್ಪ ಅಗಲವಾಗಿದ್ದು ಕೆಳಕ್ಕೆ ಹೋದಂತೆ ಕಿರಿದಾಗುವುದುಂಟು. ಮಗು ಮೇಲೆ ಕುಳಿತು ಜಾರಲು ಮುಂದಕ್ಕೆ ಬಾಗಿದಾಗ ಕತ್ತಿನ ಲಾಡಿ ಆ ಸಂದಿನ ಮೇಲೆ ಬೀಳುತ್ತದೆ. ಬರಿಯ ದಾರವಾದರೆ ಬಹುಮಟ್ಟಿಗೆ ಜಾರಿ ಹೊರಬಂದೀತು; ಆದರೆ ತುದಿಯಲ್ಲಿ ಗಂಟೋ, ಮಣಿಯೋ, ಲಾಡಿಯನ್ನು ಬಿಗಿಹಿಡಿಯುವ ಪ್ಲಾಸ್ಟಿಕ್ ಗುಂಡಿಯೋ ಇದ್ದರೆ ಅದು ಅಗಲವಿರುವಲ್ಲಿ ಒಳಗಿಳಿದು ಕಿರಿದಾದಲ್ಲಿ ಕಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಮಗು ಜಾರಲು ಆರಂಭಿಸಿರುತ್ತದೆ. ಮೈಯ ಭಾರ ಕೆಳಕ್ಕೆ, ಲಾಡಿಯ ತುದಿ ಮೇಲೆ, ನಡುವೆ ಕತ್ತು. ಟೋಪಿಯ ಸುತ್ತ ಹೋದ ಲಾಡಿ ಜೀರುಗುಣಿಕೆಯಾಗಿ ಬಿಗಿಯುತ್ತದೆ.

ಇದಕ್ಕೆ ದೊಡ್ಡ ಎಳೆತವೇನೂ ಬೇಕಾಗಿಲ್ಲ. ತಲೆಯಿಂದ ರಕ್ತ ಹಿಂತಿರುಗುವ ಕತ್ತಿನ ಅಭಿಧಮನಿಗಳು ಮುಚ್ಚಿಕೊಳ್ಳಲು ವಯಸ್ಕರಲ್ಲೇ ಸುಮಾರು 2 ಕಿಲೋ ತೂಕದ ಎಳೆತ ಸಾಕು, ಮಿದುಳಿಗೆ ರಕ್ತ ಒಯ್ಯುವ ಅಪಧಮನಿಗಳಿಗೆ ಸುಮಾರು 5 ಕಿಲೋ ಸಾಕು ಎಂದು ನ್ಯಾಯವೈದ್ಯಶಾಸ್ತ್ರದ ಪಠ್ಯಗಳು ಹೇಳುತ್ತವೆ. ಎರಡು ವರ್ಷದ ಮಗುವಿನ ತೂಕ ಹನ್ನೊಂದು ಹನ್ನೆರಡು ಕಿಲೋ ಇರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಿದುಳಿಗೆ ಹೋಗುವ ರಕ್ತ ನಿಂತರೆ ಹತ್ತು ಹದಿನೈದು ಸೆಕೆಂಡುಗಳಲ್ಲೇ ಪ್ರಜ್ಞೆ ತಪ್ಪಬಹುದು. ಕತ್ತು ಬಿಗಿದ ಮಗು ಕೂಗಲಾರದು, ಆದ್ದರಿಂದ ಹತ್ತು ಹೆಜ್ಜೆ ದೂರದ ಬೆಂಚಿನ ಮೇಲೆ ಕುಳಿತ ದೊಡ್ಡವರಿಗೂ ಏನೂ ಕೇಳಿಸುವುದಿಲ್ಲ. 'ನಾವು ಜೊತೆಯಲ್ಲೇ ಇರುತ್ತೇವಲ್ಲ' ಎಂಬ ಸಮಾಧಾನವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಸೊಂಟದ ಮತ್ತು ಕೆಳ ಅಂಚಿನ ಲಾಡಿಗಳು ತರುವ ಅಪಾಯ ಬೇರೆ ಬಗೆಯದು. ಮಗು ಬಸ್ಸಿನಿಂದ ಇಳಿಯುವಾಗ ಜಾಕೆಟಿನ ಕೆಳ ಅಂಚಿನ ಲಾಡಿ ಮೆಟ್ಟಿಲ ಬಳಿಯ ಹಿಡಿಕಂಬಿಯ ಸಂದಿಗೋ ಮುಚ್ಚುತ್ತಿರುವ ಬಾಗಿಲಿಗೋ ಸಿಕ್ಕಿಕೊಳ್ಳುತ್ತದೆ. ಇಳಿದಾಯಿತೆಂದು ತಿಳಿದ ಚಾಲಕ ಬಸ್ಸನ್ನು ಮುಂದಕ್ಕೆ ಬಿಡುತ್ತಾನೆ. ಅಮೆರಿಕದಲ್ಲಿ ಇಂಥ ಲಾಡಿಗಳು ಬಸ್ಸು ಕಾರುಗಳಿಗೆ ಸಿಕ್ಕಿ ಮಕ್ಕಳನ್ನು ಎಳೆದೊಯ್ದ ಘಟನೆಗಳು ದಾಖಲಾಗಿವೆ. ನಮ್ಮಲ್ಲಿ ಶಾಲಾ ವ್ಯಾನು, ಆಟೊ, ಸೈಕಲ್ಲಿನ ಚೈನು, ಮಾಲ್‌ಗಳ ಎಸ್ಕಲೇಟರು, ಮನೆಯ ಗೇಟಿನ ಸರಳು ಎಲ್ಲವೂ ಇದೇ ಸಾಲಿಗೆ ಸೇರುತ್ತವೆ.

ಕತ್ತು ಮತ್ತು ಟೋಪಿ: ಇಲ್ಲಿ ರಾಜಿ ಬೇಡ

ಟೋಪಿಯಿರುವ ಜಾಕೆಟ್ಟು ಅಥವಾ ಸ್ವೆಟರು ಕೊಳ್ಳುವಾಗ ಅಂಗಡಿಯಲ್ಲಿ ನಾಲ್ಕೈದು ಬಗೆಗಳು ಎದುರಾಗುತ್ತವೆ: ಲಾಡಿ ಇರುವುದು, ಟೋಪಿಯ ಅಂಚಿಗೆ ಎಲಾಸ್ಟಿಕ್ ಹಾಕಿದ್ದು, ಗಲ್ಲದ ಕೆಳಗೆ ಟಿಚ್ ಬಟನ್ ಅಥವಾ ವೆಲ್ಕ್ರೋ ಪಟ್ಟಿ ಇರುವುದು, ಟೋಪಿಯನ್ನೇ ಬಿಚ್ಚಿಡಬಹುದಾದದ್ದು, ಏನೂ ಇಲ್ಲದೆ ಸುಮ್ಮನೆ ಕೂರುವ ಟೋಪಿಯದ್ದು.

ಲಾಡಿಯ ಪರವಾಗಿ ಹೇಳಬಹುದಾದದ್ದು ಒಂದೇ. ಗಾಳಿ ಜೋರಾಗಿದ್ದಾಗ ಟೋಪಿ ಹಾರದಂತೆ ಮುಖದ ಸುತ್ತ ಬಿಗಿಯಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಹಿಮ ಬೀಳುವ ಊರಿನಲ್ಲಿ ಆ ಗುಣಕ್ಕೆ ಸ್ವಲ್ಪ ಬೆಲೆ ಇದ್ದೀತು. ಆದರೂ ಹಿಮ ಬೀಳುವ ದೇಶಗಳೇ ಅದನ್ನು ಮೊದಲು ಬೇಡವೆಂದವು. ಬ್ರಿಟನ್ನಿನಲ್ಲಿ 1976ರಲ್ಲೇ ಮಕ್ಕಳ ಹೊರ ಉಡುಪಿನ ಟೋಪಿಯನ್ನು ಲಾಡಿ ಪೋಣಿಸಿ ಬಿಗಿಯುವಂತೆ ಮಾಡಬಾರದೆಂಬ ನಿಯಮ ಬಂದಿತು. ಕಂಕುಳ ಕೆಳಗೆ ಅಡ್ಡಡ್ಡಲಾಗಿ ಅಳೆದಾಗ 44 ಸೆಂಟಿಮೀಟರ್ ಮೀರದ ಉಡುಪುಗಳಿಗೆ ಅದು ಅನ್ವಯಿಸಿತು. ಅಮೆರಿಕದ ಆಯೋಗ 1996ರಲ್ಲಿ ಮಾರ್ಗಸೂಚಿ ಹೊರಡಿಸಿತು, 1997ರಲ್ಲಿ ಅದು ಎಎಸ್‌ಟಿಎಂ ಎಫ್ 1816 ಎಂಬ ಮಾನಕವಾಯಿತು, 2011ರಲ್ಲಿ ಅದನ್ನು ಪಾಲಿಸದ ಉಡುಪುಗಳನ್ನು 'ಗಣನೀಯ ಅಪಾಯವುಳ್ಳ ಉತ್ಪನ್ನ' ಎಂದು ನಿಯಮದಲ್ಲೇ ಸೇರಿಸಲಾಯಿತು. ಇದರ ಪ್ರಕಾರ ಅಲ್ಲಿನ 2ಟಿ ಯಿಂದ 12ರವರೆಗಿನ ಅಳತೆಯ, ಅಂದರೆ ಸುಮಾರು ಎರಡರಿಂದ ಹನ್ನೆರಡು ವರ್ಷದ ಮಕ್ಕಳ ಹೊರ ಉಡುಪಿನ ಕತ್ತಿನಲ್ಲಾಗಲಿ ಟೋಪಿಯಲ್ಲಾಗಲಿ ಲಾಡಿಯೇ ಇರಕೂಡದು. ಯುರೋಪಿನ ಇಎನ್ 14682 ಮಾನಕ, ಅದರ 2014ರ ಆವೃತ್ತಿಯಲ್ಲಿ, ಏಳು ವರ್ಷದೊಳಗಿನ ಮಕ್ಕಳ ಕತ್ತು ಮತ್ತು ಟೋಪಿಯ ಭಾಗದಲ್ಲಿ ಬಿಗಿಯುವ ಲಾಡಿಯನ್ನಷ್ಟೇ ಅಲ್ಲ, ಅಂದಕ್ಕಾಗಿ ಹೊಲಿದ ದಾರವನ್ನೂ ಒಪ್ಪುವುದಿಲ್ಲ. ಏಳರಿಂದ ಹದಿನಾಲ್ಕು ವರ್ಷದವರಿಗೆ ಕೆಲವು ಷರತ್ತುಗಳೊಂದಿಗೆ ಅವಕಾಶವಿದ್ದರೂ ಕತ್ತಿನ ಲಾಡಿಯ ತುದಿಗಳು ಬಿಡಿಯಾಗಿ ನೇತಾಡುವಂತಿಲ್ಲ. ಈ ಎರಡರಲ್ಲಿ ನಾನು ಯುರೋಪಿನ ನಿಲುವನ್ನೇ ಹೆಚ್ಚು ಸರಿಯೆಂದು ಭಾವಿಸುತ್ತೇನೆ, ಏಕೆಂದರೆ ಸಂದಿಗೆ ಸಿಕ್ಕಿದ ದಾರ ಬಿಗಿಯುವುದಕ್ಕಾಗಿ ಇತ್ತೋ ಅಂದಕ್ಕಾಗಿ ಇತ್ತೋ ಎಂಬುದರಿಂದ ಮಗುವಿಗೆ ಆಗುವ ವ್ಯತ್ಯಾಸ ಏನೂ ಇಲ್ಲ.

ಬೆಂಗಳೂರಿನ ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೂ ತಿರುಪ್ಪೂರಿನ ಹೆಣಿಗೆ ಘಟಕಗಳಲ್ಲೂ ಕೆಲಸ ಮಾಡುವವರಿಗೆ ಈ ಮಾನಕಗಳು ಹೊಸತಲ್ಲ. ವಿದೇಶಕ್ಕೆ ಹೋಗುವ ಮಕ್ಕಳ ಉಡುಪನ್ನು ಮೇಜಿನ ಮೇಲೆ ಹರಡಿ, ಪೂರ್ತಿ ಅಗಲಕ್ಕೆ ಎಳೆದು, ಹೊರಬಂದ ಲಾಡಿಯನ್ನು ಟೇಪಿನಿಂದ ಅಳೆದು ನೋಡುವುದು ಅಲ್ಲಿನ ತಪಾಸಣೆಯ ಭಾಗ. ನಮ್ಮ ಕೈಗಳೇ ಹೊರದೇಶದ ಮಕ್ಕಳಿಗೆ ಲಾಡಿಯಿಲ್ಲದ ಟೋಪಿಯನ್ನು ಹೊಲಿದು ಕಳಿಸುತ್ತಿರುವಾಗ ನಮ್ಮೂರಿನ ಅಂಗಡಿಗಳಲ್ಲಿ ಕತ್ತಿಗೆ ಉದ್ದುದ್ದ ಲಾಡಿ, ಅದರ ತುದಿಗೆ ಉಣ್ಣೆಯ ಗೊಂಡೆ ಇರುವ ಸ್ವೆಟರುಗಳು ಇಂದಿಗೂ ಸಲೀಸಾಗಿ ಮಾರಾಟವಾಗುತ್ತಿರುವುದು ನನಗೆ ಬಹಳ ನೋವಿನ ಸಂಗತಿಯಾಗಿ ಕಾಣುತ್ತದೆ.

ಲಾಡಿಗೆ ಬದಲಾಗಿ ಏನು ಎಂಬ ಪ್ರಶ್ನೆಗೆ ಎಲಾಸ್ಟಿಕ್ ಹಾಕಿದ ಟೋಪಿಯೇ ನನ್ನ ಮೊದಲ ಆಯ್ಕೆ. ಅಂಚಿನ ಒಳಗೇ ಹೊಲಿದು ಮುಚ್ಚಿದ ಎಲಾಸ್ಟಿಕ್‌ಗೆ ಹೊರಬರುವ ತುದಿ ಇರುವುದಿಲ್ಲ, ಅದು ಮುಖಕ್ಕೆ ಹಿತವಾಗಿ ಕೂರುತ್ತದೆ, ಮಗು ತಾನೇ ತೆಗೆದು ಹಾಕಿಕೊಳ್ಳಬಹುದು. ಹೊರಗೆ ಎಳೆದು ಬಿಗಿಯುವ ಎಲಾಸ್ಟಿಕ್ ದಾರ ಮಾತ್ರ ಬೇಡವೇ ಬೇಡ. ಅದು ಎಲ್ಲಾದರೂ ಸಿಕ್ಕಿ ಎಳೆದು ಬಿಟ್ಟಾಗ ತುದಿಯ ಗುಂಡಿ ಚಾಟಿಯಂತೆ ಹಿಂದಕ್ಕೆ ಬಂದು ಕಣ್ಣಿಗೆ ಬಡಿಯಬಹುದು. ಟಿಚ್ ಬಟನ್ನಿನ ಪಟ್ಟಿಯ ದೊಡ್ಡ ಗುಣವೆಂದರೆ ಎಳೆತ ಬಿದ್ದರೆ ಅದು ತಾನೇ ಬಿಚ್ಚಿಕೊಳ್ಳುತ್ತದೆ. ವೆಲ್ಕ್ರೋಗೂ ಇದೇ ಗುಣವಿದೆ, ಆದರೆ ನಾಲ್ಕಾರು ಸಲ ಒಗೆದ ಮೇಲೆ ಅದರ ಕೊಕ್ಕೆಗಳಲ್ಲಿ ನೂಲು ತುಂಬಿ ಹಿಡಿತ ತಗ್ಗುತ್ತದೆ, ಕೆಲವೊಮ್ಮೆ ಒರಟಾದ ಅಂಚು ಎಳೆಯ ಗಲ್ಲವನ್ನು ಉಜ್ಜಿ ಕೆಂಪಾಗಿಸುತ್ತದೆ. ಬಿಚ್ಚಿಡಬಹುದಾದ ಟೋಪಿಯನ್ನು ಕೊಳ್ಳುವುದಾದರೆ ಅದನ್ನು ಜಿಪ್ಪಿನಿಂದ ಸೇರಿಸಿದ್ದಕ್ಕಿಂತ ಟಿಚ್ ಬಟನ್ನಿನಿಂದ ಸೇರಿಸಿದ್ದು ಒಳ್ಳೆಯದು, ಏಕೆಂದರೆ ಟೋಪಿಯೇ ಎಲ್ಲಾದರೂ ಸಿಕ್ಕಿದರೆ ಅದು ಕಳಚಿಕೊಂಡು ಬರುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಗೂ ಮಲೆನಾಡಿನ ಮಳೆಗಾಲಕ್ಕೂ ಏನೂ ಬಿಗಿಯದ ಸಾದಾ ಟೋಪಿಯೂ ಸಾಕಾಗುತ್ತದೆ. ರೇನ್‌ಕೋಟುಗಳಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಕತ್ತಿನ ಲಾಡಿ ಹೆಚ್ಚಾಗಿ ಕಾಣಸಿಗುವುದು ಅವುಗಳಲ್ಲೇ, ಮತ್ತು ರೇನ್‌ಕೋಟು ಹಾಕಿದ ಮಗು ಹತ್ತುವುದು ಶಾಲಾ ಬಸ್ಸನ್ನೇ.

ಸೊಂಟ: ಲಾಡಿಗೂ ಒಂದು ಜಾಗವಿದೆ

ಸೊಂಟದಲ್ಲಿ ಉಸಿರುಗಟ್ಟುವ ಭಯ ಇಲ್ಲದ್ದರಿಂದ ಹೋಲಿಕೆಗೆ ಇಲ್ಲಿ ನಿಜವಾದ ಅರ್ಥವಿದೆ. ಎಲಾಸ್ಟಿಕ್ ಸೊಂಟದ ಚಡ್ಡಿ ಪ್ಯಾಂಟುಗಳನ್ನು ಮೂರು ನಾಲ್ಕು ವರ್ಷದ ಮಗು ಶಾಲೆಯ ಶೌಚಾಲಯದಲ್ಲಿ ತಾನೇ ಇಳಿಸಿ ಏರಿಸಿಕೊಳ್ಳಬಲ್ಲದು. ಲಾಡಿಯಾದರೆ ಗಂಟು ಬಿಚ್ಚಲಾರದೆ ಒದ್ದೆ ಮಾಡಿಕೊಳ್ಳುತ್ತದೆ. ಹಾಗೆಯೇ ಎಲಾಸ್ಟಿಕ್ಕಿನ ದೋಷಗಳೂ ನಿಜ. ಅಗ್ಗದ, ಕಿರಿದಾದ ಎಲಾಸ್ಟಿಕ್ ಸೊಂಟದ ಸುತ್ತ ಕೆಂಪು ಬರೆ ಮೂಡಿಸುತ್ತದೆ, ಬಿಸಿನೀರು ಮತ್ತು ಇಸ್ತ್ರಿಯ ಕಾವಿಗೆ ಬೇಗ ಸಡಿಲವಾಗುತ್ತದೆ, ತೀರಾ ತೆಳ್ಳಗಿನ ಮಗುವಿಗೆ ನಿಲ್ಲುವುದೇ ಇಲ್ಲ. ಬೆಳೆಯುವ ಮಗುವಿಗೆ ಒಂದು ಅಳತೆ ದೊಡ್ಡದನ್ನೇ ಕೊಳ್ಳುವ ಮನೆಗಳಲ್ಲಿ ಲಾಡಿ ಬೇಕೆನಿಸುವುದು ಸಹಜ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮಗುವಿಗೂ ಎಲಾಸ್ಟಿಕ್ ಒತ್ತಿದರೆ ಚರ್ಮ ಕೆರಳುವ ಮಗುವಿಗೂ ಸಡಿಲವಾಗಿ ಕಟ್ಟಿದ ಲಾಡಿಯೇ ಹಿತ.

ಹಾಗಾದರೆ ಎಂಥ ಲಾಡಿ? ಅಮೆರಿಕದ ಮಾನಕ ಮೇಲುಡುಪಿನ ಸೊಂಟ ಮತ್ತು ಕೆಳ ಅಂಚಿನ ಲಾಡಿಗೆ 2ಟಿ ಯಿಂದ 16ರವರೆಗಿನ ಅಳತೆಗಳಲ್ಲಿ ಮೂರು ಷರತ್ತು ಹಾಕುತ್ತದೆ: ಉಡುಪನ್ನು ಪೂರ್ತಿ ಅಗಲಕ್ಕೆ ಎಳೆದಾಗ ಲಾಡಿ ಹೊರಗೆ 75 ಮಿಲಿಮೀಟರಿಗಿಂತ, ಅಂದರೆ ಮೂರು ಇಂಚಿಗಿಂತ, ಹೆಚ್ಚು ಇರಬಾರದು, ತುದಿಯಲ್ಲಿ ಗಂಟು, ಮಣಿ, ಗುಂಡಿ ಯಾವುದೂ ಇರಬಾರದು, ಲಾಡಿ ಒಂದೇ ಅಖಂಡ ದಾರವಾಗಿದ್ದರೆ ಅದನ್ನು ಉಡುಪಿಗೆ ಭದ್ರವಾಗಿ ಹೊಲಿದಿರಬೇಕು. ಪ್ಯಾಂಟು, ಚಡ್ಡಿಗಳು ಆ ನಿಯಮದ ವ್ಯಾಪ್ತಿಯಲ್ಲಿ ಇಲ್ಲದಿದ್ದರೂ ಮನೆಯಲ್ಲಿ ಎಲ್ಲ ಬಟ್ಟೆಗೂ ಇದನ್ನೇ ಅನ್ವಯಿಸುವುದು ಸುಲಭ ಮತ್ತು ಸುರಕ್ಷಿತ. ಮೂರು ಇಂಚೆಂದರೆ ದೊಡ್ಡವರ ನಾಲ್ಕು ಬೆರಳುಗಳನ್ನು ಜೋಡಿಸಿ ಇಟ್ಟಷ್ಟು ಅಗಲ, ಆದ್ದರಿಂದ ಅಂಗಡಿಯಲ್ಲಿ ಟೇಪು ಬೇಕಾಗಿಲ್ಲ.

ಇಷ್ಟು ಗಿಡ್ಡ ಲಾಡಿಯನ್ನು ಕಟ್ಟುವುದು ಹೇಗೆ ಎಂಬ ಅನುಮಾನ ಬರುವುದು ಸಹಜ. ಅಳೆಯುವುದು ಬಟ್ಟೆಯನ್ನು ಪೂರ್ತಿ ಅಗಲಿಸಿದಾಗ ಎಂಬುದನ್ನು ಮರೆಯಬಾರದು. ಪೂರ್ತಿ ಅಗಲಿಸಿದಾಗ ಪ್ಯಾಂಟಿನ ಸೊಂಟದ ಸುತ್ತಳತೆ 64 ಸೆಂಟಿಮೀಟರ್, ಮಗುವಿನ ಸೊಂಟ 52 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಬಿಗಿದಾಗ 12 ಸೆಂಟಿಮೀಟರ್ ದಾರ ಹೊರಬರುತ್ತದೆ. ನಡುವೆ ಹೊಲಿಗೆ ಇರುವುದರಿಂದ ಅದು ಎರಡೂ ಬದಿಗೆ ಆರಾರು ಸೆಂಟಿಮೀಟರಿನಂತೆ ಹಂಚಿಹೋಗುತ್ತದೆ. ಮೊದಲಿದ್ದ ಏಳೂವರೆಯೊಂದಿಗೆ ಪ್ರತಿ ಬದಿಗೆ ಹದಿಮೂರೂವರೆ ಸೆಂಟಿಮೀಟರ್ ಸಿಕ್ಕಂತಾಯಿತು. ಸಾದಾ ಗಂಟಿಗೆ ಇಷ್ಟು ಸಾಕು, ಕಟ್ಟಿದ ಮೇಲೆ ನೇತಾಡಲು ಏನೂ ಉಳಿಯುವುದಿಲ್ಲ.

ಎಲಾಸ್ಟಿಕ್ಕು, ಲಾಡಿ ಈ ಎರಡರ ನಡುವೆ ನನಗೆ ಬಹಳ ಮೆಚ್ಚುಗೆಯಾದ ಇನ್ನೊಂದು ವ್ಯವಸ್ಥೆ ಇದೆ. ಸೊಂಟಪಟ್ಟಿಯ ಒಳಗೆ ಉದ್ದಕ್ಕೂ ಕಾಜಾಗಳಿರುವ ಎಲಾಸ್ಟಿಕ್ ಪಟ್ಟಿ, ಅದನ್ನು ಬೇಕಾದಷ್ಟು ಎಳೆದು ಸಿಕ್ಕಿಸಲು ಒಳಬದಿಯಲ್ಲಿ ಎರಡು ಚಪ್ಪಟೆ ಗುಂಡಿ. ಮಗು ಬೆಳೆದಂತೆ ಒಂದೊಂದೇ ಕಾಜಾ ಬಿಟ್ಟುಕೊಂಡು ಹೋಗಬಹುದು, ಹೊರಗೆ ಏನೂ ಕಾಣುವುದಿಲ್ಲ, ಒಂದೇ ಪ್ಯಾಂಟು ಎರಡು ವರ್ಷ ಬರುತ್ತದೆ. ಬೆಲೆ ಸ್ವಲ್ಪ ಹೆಚ್ಚು, ಆದರೆ ದೊಡ್ಡ ಅಳತೆ ಕೊಂಡು ಲಾಡಿ ಬಿಗಿಯುವ ಅಭ್ಯಾಸಕ್ಕೆ ಸರಿಯಾದ ಉತ್ತರ ಇದೇ. ಮುಂದುಗಡೆ ಅಂದಕ್ಕಾಗಿ ಸಣ್ಣ ಚಿಟ್ಟೆಗಂಟು ಹೊಲಿದ ಎಲಾಸ್ಟಿಕ್ ಪ್ಯಾಂಟೂ ಒಳ್ಳೆಯದೇ, ಆ ಚಿಟ್ಟೆಗಂಟು ಎಳೆದರೆ ಬಾರದಷ್ಟು ಗಟ್ಟಿಯಾಗಿ ಹೊಲಿದಿದ್ದರೆ.

ಬೆನ್ನು, ತೋಳು, ಕಾಲಂಚು

ನಮ್ಮ ಹೆಣ್ಣುಮಕ್ಕಳ ಫ್ರಾಕುಗಳಲ್ಲಿ ಬೆನ್ನಿನ ಮೇಲೆ ಚಿಟ್ಟೆಗಂಟು ಹಾಕುವ ಪಟ್ಟಿ ಬಹಳ ಸಾಮಾನ್ಯ. ಬೆನ್ನಿನ ಕಡೆ ಇರುವುದು ಮಗುವಿಗೆ ಕಾಣದು, ಸಿಕ್ಕಿದರೆ ತಾನೇ ಬಿಡಿಸಿಕೊಳ್ಳಲೂ ಆಗದು. ಯುರೋಪಿನ ಮಾನಕ ಬೆನ್ನಿನ ಕಡೆ ಲಾಡಿಯನ್ನು ಒಪ್ಪದೆ ಇಂಥ ಪಟ್ಟಿಗೆ ಮಾತ್ರ ಅವಕಾಶ ಕೊಡುತ್ತದೆ. ಚಿಕ್ಕ ಮಕ್ಕಳಿಗೆ ಅದು ಕಟ್ಟುವ ಜಾಗದಿಂದ ಬಿಚ್ಚಿದ ತುದಿಯವರೆಗೆ 360 ಮಿಲಿಮೀಟರ್ ಮೀರಬಾರದು, ಬಿಚ್ಚಿದಾಗ ಫ್ರಾಕಿನ ಅಂಚಿಗಿಂತ ಕೆಳಗೆ ಇಳಿಯಬಾರದು. ಕತ್ತಿನ ಹಿಂದೆ ದಾರ ಕಟ್ಟುವ ತೋಳಿಲ್ಲದ ರವಿಕೆ, ಫ್ರಾಕುಗಳು ಚಿಕ್ಕವರಿಗೆ ಬೇಡ. ಕತ್ತಿನ ಸುತ್ತ ಹೊಲಿದು ಮುಗಿಸಿದ, ಬಿಡಿ ತುದಿಯಿಲ್ಲದ ಪಟ್ಟಿಯಾದರೆ ಆಗಬಹುದು. ಉದ್ದ ತೋಳಿನ ಕೊನೆಯಲ್ಲೂ ಪ್ಯಾಂಟಿನ ಕಾಲಂಚಿನಲ್ಲೂ ಬಿಗಿಯುವ ದಾರವಿದ್ದರೆ ಅದು ಪೂರ್ತಿ ಒಳಗಡೆಯೇ ಇರಬೇಕೆಂದು ಅದೇ ಮಾನಕ ಹೇಳುತ್ತದೆ. ಇಲ್ಲಿ ಎಲಾಸ್ಟಿಕ್ ಅಥವಾ ಹೆಣೆದ ಪಟ್ಟಿಯನ್ನು ಬಿಟ್ಟು ಬೇರೆ ಯೋಚನೆಯೇ ಬೇಕಾಗಿಲ್ಲ. ಸೈಕಲ್ಲಿನ ಚೈನಿಗೂ ಎಸ್ಕಲೇಟರಿನ ಹಲ್ಲಿಗೂ ಮೊದಲು ಸಿಗುವುದು ಕಾಲಂಚೇ.

ಹಬ್ಬ ಮದುವೆಗಳಲ್ಲಿ ಹಾಕುವ ರೇಷ್ಮೆ ಲಂಗ, ಗೊಂಡೆಯ ರವಿಕೆ, ದುಪ್ಪಟ್ಟಾಗಳ ವಿಷಯ ಬೇರೆ. ಸಮಾರಂಭಕ್ಕಾಗಿ ಸ್ವಲ್ಪ ಹೊತ್ತು, ದೊಡ್ಡವರ ಕಣ್ಣೆದುರು ಧರಿಸುವ ಉಡುಪನ್ನು ಯುರೋಪಿನ ಮಾನಕವೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹೀಗಾಗಿ ಗೊಂಡೆಯ ಲಂಗ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಆ ಸಮಾರಂಭಕ್ಕೆ ಹೋಗುವುದು ಸ್ಕೂಟರಿನ ಮೇಲೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕಬಾರದೆಂದೇ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಮೋಟಾರ್‌ಸೈಕಲ್ಲಿನ ಹಿಂಚಕ್ರದ ಕನಿಷ್ಠ ಅರ್ಧದಷ್ಟನ್ನು ಮುಚ್ಚುವ ರಕ್ಷಾಪಟ್ಟಿಯನ್ನು ಕಡ್ಡಾಯ ಮಾಡಿದೆ. ಜನ ಅದನ್ನು ಸೀರೆ ಗಾರ್ಡ್ ಎನ್ನುತ್ತಾರೆ. ಅದು ಇದ್ದರೂ ಮಗುವಿನ ದುಪ್ಪಟ್ಟಾ ಕತ್ತಿಗೆ ಸುತ್ತಿರುವಾಗ ಗಾಡಿ ಹತ್ತಿಸಬೇಡಿ. ದುಪ್ಪಟ್ಟಾವನ್ನು ಮಡಿಸಿ ಚೀಲದಲ್ಲಿಟ್ಟು, ಛತ್ರಕ್ಕೆ ಹೋದ ಮೇಲೆ ಹಾಕಿ ಪಿನ್ನು ಚುಚ್ಚಿದರೆ ಆಯಿತು.

ಹಸುಗೂಸಿನ ಬಟ್ಟೆ

ಒಂದು ವರ್ಷದೊಳಗಿನ ಮಗು ಜಾರುಬಂಡೆ ಹತ್ತುವುದಿಲ್ಲ. ಅದರ ಅಪಾಯ ಮಲಗಿರುವಾಗಿನದು. ಬಟ್ಟೆಯ ಕುಲಾವಿ, ಉತ್ತರ ಕರ್ನಾಟಕದ ಕುಂಚಿಗೆ ಇವನ್ನು ಗಲ್ಲದ ಕೆಳಗೆ ದಾರದಿಂದ ಕಟ್ಟುತ್ತಾರೆ. ಮಗು ತಲೆ ಹೊರಳಿಸಿದಾಗ ಕುಲಾವಿ ಹಿಂದಕ್ಕೆ ಸರಿದು ದಾರ ಕತ್ತಿನ ಮೇಲೆ ಬಿಗಿಯಬಹುದು, ಅಥವಾ ಕುಲಾವಿಯೇ ಜಾರಿ ಮೂಗು ಮುಚ್ಚಬಹುದು. ಅಜ್ಜಿ ಹೊಲಿದುಕೊಟ್ಟ ಕುಂಚಿಗೆಯನ್ನು ಬಿಸಾಡಬೇಕಾಗಿಲ್ಲ, ಹೊರಗೆ ಕರೆದೊಯ್ಯುವಾಗ ಎತ್ತಿಕೊಂಡಿರುವಷ್ಟು ಹೊತ್ತು ಹಾಕಿ, ಮಲಗಿಸುವ ಮುನ್ನ ತೆಗೆಯಿರಿ. ಮನೆಯೊಳಗೆ ಮಲಗಿದ ಶಿಶುವಿಗೆ, ಹುಟ್ಟಿದ ಮೊದಲ ಕೆಲವು ಗಂಟೆಗಳನ್ನು ಬಿಟ್ಟರೆ, ಟೋಪಿ ಹಾಕದಿರುವುದೇ ಒಳ್ಳೆಯದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಶಿಫಾರಸಿನಲ್ಲಿ ಹೇಳಿದೆ. ಮೈ ಕಾವೇರದಂತೆ ನೋಡಿಕೊಳ್ಳುವುದೂ ಅದರ ಉದ್ದೇಶ.

ಜಬಲದಲ್ಲಿ ಮೂರು ಬಗೆ ಸಿಗುತ್ತದೆ: ದಾರ ಕಟ್ಟುವುದು, ಟಿಚ್ ಬಟನ್ನಿನದು, ಭುಜದ ಮೇಲೆ ಒಂದರ ಮೇಲೊಂದು ಮಡಿಕೆ ಬಂದು ತಲೆಯ ಮೇಲಿಂದ ಸಲೀಸಾಗಿ ಇಳಿಯುವುದು. ಮೊದಲ ಕೆಲವು ವಾರ, ಹೊಕ್ಕುಳು ಒಣಗುವವರೆಗೆ, ಮುಂದೆ ತೆರೆಯುವ ಜಬಲವೇ ಅನುಕೂಲ. ದಾರ ಕಟ್ಟುವುದಾದರೆ ದಾರ ಎದೆಯ ಪಕ್ಕದಲ್ಲಿರಲಿ, ಕತ್ತಿನ ಬಳಿ ಬೇಡ, ಮಗುವಿನ ಬೆರಳಿಗೆ ಸುತ್ತಿಕೊಳ್ಳುವಷ್ಟು ಉದ್ದವೂ ಬೇಡ. ಆಮೇಲೆ ಮಡಿಕೆಯ ಭುಜದ್ದು ಎಲ್ಲಕ್ಕಿಂತ ಉತ್ತಮ, ಅದರಲ್ಲಿ ದಾರವೂ ಇಲ್ಲ, ಗುಂಡಿಯೂ ಇಲ್ಲ. ಟಿಚ್ ಬಟನ್ನು ಕತ್ತಿಗೆ ಸುರಕ್ಷಿತವಾದರೂ ಕಿತ್ತು ಬಂದರೆ ಬಾಯಿಗೆ ಹೋಗುವ ವಸ್ತು. ಮೂರು ವರ್ಷದೊಳಗಿನವರ ಸಾಮಾನಿಗೆ ಬಳಸುವ ಪರೀಕ್ಷಾ ಕೊಳವೆಯ ವ್ಯಾಸ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಕೂರುವ ಯಾವುದೂ ಗಂಟಲಿಗೆ ಸಿಕ್ಕಬಹುದೆಂದು ಲೆಕ್ಕ. ಬಟ್ಟೆಯ ಗುಂಡಿಗಳೆಲ್ಲ ಇದಕ್ಕಿಂತ ಚಿಕ್ಕವೇ. ಕೊಂಡು ತಂದ ದಿನ ಪ್ರತಿಯೊಂದನ್ನೂ ಬೆರಳಲ್ಲಿ ಹಿಡಿದು ಜೋರಾಗಿ ಎಳೆದು ನೋಡಬೇಕು, ಒಗೆದಾಗಲೆಲ್ಲ ಮತ್ತೆ ನೋಡಬೇಕು. ಕತ್ತಿಗೆ ಕಟ್ಟುವ ಕಪ್ಪು ದಾರ, ತಾಯಿತಗಳನ್ನೂ ಇದೇ ಸಾಲಿನಲ್ಲಿ ಯೋಚಿಸಬೇಕು. ನಂಬಿಕೆಯನ್ನು ಬಿಡಬೇಕಾಗಿಲ್ಲ, ಕತ್ತಿನ ಬದಲು ಉಡುದಾರಕ್ಕೆ ಕಟ್ಟಿಸಿಕೊಳ್ಳುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಈಗಾಗಲೇ ಮನೆಯಲ್ಲಿರುವುದಕ್ಕೆ ಏನು ಮಾಡಬೇಕು

ಅಣ್ಣನ ಸ್ವೆಟರು ತಂಗಿಗೆ, ಅತ್ತೆಯ ಮಗನದ್ದು ಇನ್ನೊಬ್ಬರಿಗೆ ಹೋಗುವ ನಮ್ಮ ಮನೆಗಳಲ್ಲಿ ಹೊಸದನ್ನು ಆರಿಸುವುದಕ್ಕಿಂತ ಹಳೆಯದನ್ನು ಸರಿಪಡಿಸುವುದೇ ದೊಡ್ಡ ಕೆಲಸ. ಇಲ್ಲೂ ಮೂರು ದಾರಿಗಳಿವೆ: ಲಾಡಿಯನ್ನು ತೆಗೆದುಬಿಡುವುದು, ಗಿಡ್ಡ ಮಾಡುವುದು, ಇದ್ದಲ್ಲೇ ಹೊಲಿದುಬಿಡುವುದು. ಕತ್ತಿನದ್ದನ್ನು ತೆಗೆದೇ ಬಿಡಬೇಕು. ಒಂದು ತುದಿಯ ಗಂಟನ್ನು ಕತ್ತರಿಸಿ ಇನ್ನೊಂದನ್ನು ಎಳೆದರೆ ಅರ್ಧ ನಿಮಿಷದ ಕೆಲಸ. ಉಳಿದ ತೂತುಗಳಿಂದ ತೊಂದರೆಯಿಲ್ಲ. ಟೋಪಿ ಸಡಿಲವೆನಿಸಿದರೆ ಅದೇ ಲಾಡಿಪಟ್ಟಿಯೊಳಗೆ, ಟೋಪಿಯ ಅಂಚಿಗಿಂತ ಸ್ವಲ್ಪ ಗಿಡ್ಡವಾದ ಮೆದು ಎಲಾಸ್ಟಿಕ್ಕನ್ನು ಪಿನ್ನಿನ ಸಹಾಯದಿಂದ ಪೋಣಿಸಿ, ಎರಡೂ ತುದಿಗಳನ್ನು ಒಳಗೇ ಹೊಲಿದು, ತೂತುಗಳನ್ನು ಮುಚ್ಚಿಬಿಡಬಹುದು.

ಸೊಂಟದ್ದನ್ನು ಗಿಡ್ಡ ಮಾಡುವುದಾದರೆ ಮೊದಲು ಬಟ್ಟೆಯನ್ನು ಪೂರ್ತಿ ಅಗಲಿಸಿ, ಹಿಂಬದಿಯ ನಡುಮಧ್ಯದಲ್ಲಿ ಪಟ್ಟಿ ಮತ್ತು ಲಾಡಿ ಎರಡನ್ನೂ ಸೇರಿಸಿ ಅರ್ಧ ಇಂಚು ಉದ್ದಕ್ಕೆ ಹಿಂದೆಮುಂದೆ ನಾಲ್ಕಾರು ಹೊಲಿಗೆ ಹಾಕಿ. ಕಾರ್ಖಾನೆಯಲ್ಲಿ ಬಾರ್‌ಟ್ಯಾಕ್ ಎನ್ನುವುದು ಇದನ್ನೇ, ಯಾವ ಟೈಲರಿಗೂ ಹೇಳಿದರೆ ತಿಳಿಯುತ್ತದೆ. ಈ ಹೊಲಿಗೆ ಇಲ್ಲದಿದ್ದರೆ ಒಂದು ಬದಿಯನ್ನು ಎಳೆದಾಗ ಎರಡು ಬದಿಯ ಉದ್ದವೂ ಒಂದೇ ಕಡೆ ಹೊರಬಂದು, ಗಿಡ್ಡ ಮಾಡಿದ್ದೂ ವ್ಯರ್ಥವಾಗುತ್ತದೆ. ಅದಾದ ಮೇಲೆ ಪ್ರತಿ ಬದಿಗೆ ಮೂರು ಇಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿ. ತುದಿಯ ಎಳೆ ಬಿಚ್ಚದಂತೆ ಗಂಟು ಹಾಕಲು ಕೈ ಹೋಗುತ್ತದೆ, ಹಾಕಬೇಡಿ. ಹತ್ತಿಯ ಲಾಡಿಯಾದರೆ ತುದಿಯನ್ನು ಮಡಿಸಿ ಚಪ್ಪಟೆಯಾಗಿ ಹೊಲಿಯಬೇಕು. ನೈಲಾನಿನದ್ದಾದರೆ ದೊಡ್ಡವರು ಬೆಂಕಿಗೆ ತೋರಿಸಿ, ಗುಳ್ಳೆಯಾಗದಂತೆ ಲೋಹದ ಚಮಚದಿಂದ ಒತ್ತಿ ಚಪ್ಪಟೆ ಮಾಡಬೇಕು. ಬಿಗಿಯುವ ಅಗತ್ಯವೇ ಇಲ್ಲದೆ ಅಂದಕ್ಕೆ ಇರುವ ದಾರವಾದರೆ ಅದನ್ನು ಬಟ್ಟೆಗೆ ಉದ್ದಕ್ಕೂ ಹೊಲಿದುಬಿಡುವುದು ಉತ್ತಮ.

ಹೊರದೇಶದಲ್ಲಿರುವ ಮೊಮ್ಮಕ್ಕಳಿಗೆ ಊರಿನಿಂದ ಸ್ವೆಟರು ಕಳಿಸುವವರು ಪೊಟ್ಟಣ ಕಟ್ಟುವ ಮೊದಲೇ ಈ ಕೆಲಸ ಮುಗಿಸಿದರೆ ಒಳ್ಳೆಯದು, ಏಕೆಂದರೆ ಅಲ್ಲಿನ ಕೆಲವು ಶಿಶುಪಾಲನಾ ಕೇಂದ್ರಗಳು ಕತ್ತಿನಲ್ಲಿ ದಾರವಿರುವ ಉಡುಪು ಹಾಕಿ ಬಂದ ಮಗುವಿಗೆ ಅದನ್ನು ಬಿಚ್ಚಿಸಿಯೇ ಆಟಕ್ಕೆ ಬಿಡುತ್ತವೆ. ಕೈಯಲ್ಲಿ ಹೆಣೆದ ಸ್ವೆಟರಾದರೆ ಕತ್ತಿಗೆ ದಾರ ಪೋಣಿಸುವ ಬದಲು ಭುಜದ ಮೇಲೆ ಎರಡು ಚಪ್ಪಟೆ ಗುಂಡಿ ಇಟ್ಟು ಹೆಣೆಯಲು ಹೇಳಿ. ಗೊಂಡೆಯ ಆಸೆಯಿದ್ದರೆ ಅದನ್ನು ದಾರಕ್ಕೆ ಕಟ್ಟದೆ ಜೇಬಿನ ಮೇಲೆಯೇ ಗಟ್ಟಿಯಾಗಿ ಹೊಲಿಯಬಹುದು.